ಬಿಲ್ಲೆ ಕೊಟ್ಟು ಕಳಿಸಿದವರು

ಔಷಧಿ ಅಂಗಡಿಯ ತಮ್ಮಣ್ಣ ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಈಗಲೂ ಒಮ್ಮೆ ಬೀದಿಯ ಆ ಕಡೆಗೆ ನೋಡುತ್ತಾನೆ. ಅಲ್ಲಿ ನೋಡುವಂಥದ್ದೇನೂ ಉಳಿದಿಲ್ಲ. ಬೀಗ ಹಾಕಿದ ಹಸಿರು ಬಾಗಿಲು, ಸವೆದ ಮೂರು ಮೆಟ್ಟಿಲು, ಮೆಟ್ಟಿಲಿಗೆ ಒರಗಿಸಿದ ಯಾರದೋ ಸೈಕಲ್, ಅಷ್ಟೇ. ಆದರೂ ನೋಡುತ್ತಾನೆ. ಹತ್ತಿರ ಹತ್ತಿರ ಮೂವತ್ತು ವರ್ಷ ಆ ಹಸಿರು ಬಾಗಿಲೂ ಈ ಶಟರೂ ಒಂದೇ ಹೊತ್ತಿಗೆ ತೆರೆದುಕೊಂಡಿದ್ದವು. ಬಾಗಿಲು ತೆರೆಯುತ್ತಿದ್ದವಳು ಅಕ್ಕ, ಶಟರ್ ಎತ್ತುತ್ತಿದ್ದವನು ತಮ್ಮ. ಯಾರು ಮೊದಲು ಎಂಬುದರಲ್ಲಿ ಇಬ್ಬರಿಗೂ ಪೈಪೋಟಿ. ಅಕ್ಕ ಮೊದಲಾದ ದಿನ, "ಏನ್ ತಮ್ಮಾ, ಹಾಸಿಗೆ ಬಿಡ್ಲಿಲ್ವಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಆ ಕೂಗು ಕೇಳಿ ಕೇಳಿ ಬೀದಿಯವರೂ ಅವನನ್ನು ತಮ್ಮ ಎಂದೇ ಕರೆಯತೊಡಗಿದರು. ತಲೆ ನರೆತ ಮೇಲೆ ಬರೀ ತಮ್ಮ ಎನ್ನಲು ಸಂಕೋಚವಾಗಿ ಹಿಂದೆ ಒಂದು ಅಣ್ಣ ಸೇರಿಸಿದರು. ಹಾಗೆ ಅವನು ಎಲ್ಲರಿಗೂ ತಮ್ಮಣ್ಣನಾದ.

ಹಸಿರು ಬಾಗಿಲಿನ ಹಿಂದೆ ಇದ್ದದ್ದು ಸರ್ಕಾರದ ಸಣ್ಣಾಸ್ಪತ್ರೆ. ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋದರೆ ದೊಡ್ಡಾಸ್ಪತ್ರೆ. ಇದು ಅದರ ಮರಿ. ಇದ್ದದ್ದು ಎರಡೇ ಕೋಣೆ. ಮುಂದಿನ ಕೋಣೆಯಲ್ಲಿ ಉದ್ದನೆಯ ಬೆಂಚು, ತೂಕದ ಯಂತ್ರ, ಒಂದು ಕಾಲಿನ ಕೆಳಗೆ ಮಡಚಿದ ಕಾಗದ ಇಟ್ಟ ಮೇಜು. ಹಿಂದಿನ ಕೋಣೆಯಲ್ಲಿ ಒಂದು ಮಂಚ, ಔಷಧಿಯ ಬೀರು, ನೀರು ಕಾಯಿಸುವ ಸ್ಟವ್. ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು. ಉಳಿದ ದಿನ ಗಾಯ ತೊಳೆಯುವವಳು, ಮಾತ್ರೆ ಕೊಡುವವಳು, ನೆಲ ಒರೆಸುವವಳು, ಬೈಯುವವಳು ಎಲ್ಲ ಅಕ್ಕನೇ. ಊರಿನವರು ಅವಳನ್ನು ಬಿಲ್ಲೆ ಸಿಸ್ಟರ್ ಎನ್ನುತ್ತಿದ್ದರು.

ಆ ಹೆಸರು ಬಂದದ್ದು ಮುಂದಿನ ಕೋಣೆಯ ಗೋಡೆಗೆ ಬಡಿದಿದ್ದ ಮರದ ಹಲಗೆಯಿಂದ. ಅದರಲ್ಲಿ ನಾಲ್ಕು ಸಾಲು ಮೊಳೆ, ಸಾಲಿಗೆ ಹತ್ತು. ಪ್ರತಿ ಮೊಳೆಗೂ ಅಂಗೈಗಿಂತ ದೊಡ್ಡದಾದ ಒಂದು ತಗಡಿನ ಬಿಲ್ಲೆ, ಅದರ ಮೇಲೆ ಕೆಂಪು ಬಣ್ಣದಲ್ಲಿ ಒಂದು ಸಂಖ್ಯೆ. ಬಂದವರಿಗೆ ಔಷಧಿ ಬೇಕಿದ್ದರೆ ಅಕ್ಕ ಔಷಧಿ ಕೊಡುತ್ತಿದ್ದಳು. ತಡೆಯಲಾರದ ಕಾಯಿಲೆಯಾದರೆ ದೊಡ್ಡಾಸ್ಪತ್ರೆಯ ಬಸ್ಸು ಹತ್ತಿಸುತ್ತಿದ್ದಳು. ಎರಡೂ ಅಲ್ಲದ ಕೆಮ್ಮು, ನೆಗಡಿ, ಒಂದು ದಿನದ ಜ್ವರ, ಮೈಕೈ ನೋವು, ನಿದ್ದೆ ಬಾರದ ಸಂಕಟಕ್ಕೆ ಒಂದು ಬಿಲ್ಲೆ ಕೊಟ್ಟು, ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಿ ಮನೆಗೆ ಕಳಿಸುತ್ತಿದ್ದಳು. ವಾಸಿಯಾದ ಮೇಲೆ ಬಿಲ್ಲೆ ತಂದು ಅದೇ ಮೊಳೆಗೆ ಹಾಕಬೇಕು. ಅಲ್ಲಿಯವರೆಗೆ ಮನೆಯ ಬಾಗಿಲಿಗೆ ನೇತುಹಾಕಿರಬೇಕು. ಸಂಜೆ ಐದಕ್ಕೆ ಬಾಗಿಲು ಹಾಕಿ ಅಕ್ಕ ಖಾಲಿ ಮೊಳೆಗಳನ್ನು ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು. ಎಲ್ಲಿ ಬಿಲ್ಲೆ ತೂಗುತ್ತಿದೆಯೋ ಆ ಮನೆಯೊಳಗೆ ಹೋಗಿ ಹಣೆ ಮುಟ್ಟಿ, ನಾಲಿಗೆ ನೋಡಿ, ಉಸಿರು ಎಣಿಸಿ ಬರುತ್ತಿದ್ದಳು.

ಇದನ್ನು ಅವಳು ಕಲಿತದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಎರಡನೇ ವರ್ಷ ದರ್ಜಿಯೊಬ್ಬ ಹೊಟ್ಟೆನೋವು ಎಂದು ಬಂದ. ಅಕ್ಕ ಹೊಟ್ಟೆ ಒತ್ತಿ ನೋಡಿ, "ವಾಯು ಇರ್ಬೇಕು, ಬಿಸಿನೀರು ಕುಡೀರಿ, ನಾಳೆ ನೋಡೋಣ" ಎಂದಳು. ನಾಳೆ ಅವನು ಬರಲಿಲ್ಲ. ವಾಸಿಯಾಗಿರಬೇಕು ಅಂದುಕೊಂಡಳು. ಮೂರನೇ ದಿನ ಅವನ ಹೆಂಡತಿ ಅವನನ್ನು ಬಸ್ಸಿನಲ್ಲಿ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಕರುಳಿನ ಬಾಲ, ಅಂದರೆ ಅಪೆಂಡಿಕ್ಸ್, ಒಡೆದಿತ್ತು. ಬದುಕಿದ, ಆದರೆ ಎದ್ದು ಹೊಲಿಗೆ ಯಂತ್ರದ ಮುಂದೆ ಕೂರಲು ಒಂದೂವರೆ ತಿಂಗಳಾಯಿತು.

ಆಗಿದ್ದ ಮುದಿ ಡಾಕ್ಟರು ಅಕ್ಕನನ್ನು ಬೈಯಲಿಲ್ಲ. "ನೋಡಮ್ಮಾ, ಬಾಗಿಲಲ್ಲಿ ಬರೋ ಕಾಯಿಲೆಗಳಲ್ಲಿ ಅರ್ಧಕ್ಕರ್ಧ ತಾವಾಗೇ ಹೊರಟುಹೋಗ್ತವೆ. ಯಾವ ಅರ್ಧ ಅಂತ ಮೊದಲ ದಿನ ನನಗೂ ಗೊತ್ತಾಗಲ್ಲ" ಎಂದರು.

ಅಕ್ಕ ಆ ಮಾತನ್ನು ಒಂದು ವಾರ ತಲೆಯಲ್ಲಿಟ್ಟುಕೊಂಡು ಓಡಾಡಿದಳು. ಆಮೇಲೆ ಆಗಷ್ಟೇ ಅಂಗಡಿ ತೆರೆದಿದ್ದ ತಮ್ಮನ ಬಳಿ ಬಂದು, "ಹಾಲಿನ ಪುಡಿ ಡಬ್ಬದ ಮುಚ್ಚಳ ಎಷ್ಟಿವೆಯೋ?" ಎಂದು ಕೇಳಿದಳು. ತಮ್ಮ ಮುಚ್ಚಳ ಕೂಡಿಸಿದ, ಅಂಚು ಬಡಿದು ಮಟ್ಟ ಮಾಡಿದ, ತೂತು ಕೊರೆದ, ಕೆಂಪು ಬಣ್ಣದಲ್ಲಿ ಒಂದರಿಂದ ನಲವತ್ತರವರೆಗೆ ಸಂಖ್ಯೆ ಬರೆದ. ಹುರುಪಿನಲ್ಲಿ ಬೀದಿಯ ಆ ಕಡೆಯಿಂದಲೂ ಕಾಣುವಷ್ಟು ದಪ್ಪಗೆ ಬರೆದ. ಅವು ಯಾತಕ್ಕೆ ಎಂದು ಅವನು ಕೇಳಿದ್ದು ಬಣ್ಣ ಒಣಗಿದ ಮೇಲೆ.

ತಿಂಗಳು ತುಂಬುವುದರೊಳಗೆ ಅವನಿಗೆ ತಾನು ಮಾಡಿಕೊಂಡದ್ದು ತಿಳಿಯಿತು. ಮೊದಲು ಸಣ್ಣಾಸ್ಪತ್ರೆಯಿಂದ ಸುಮ್ಮನೆ ಹೊರಬಂದವರು ಮನಸ್ಸು ತಡೆಯದೆ ಅಂಗಡಿಗೆ ಬಂದು ಒಂದು ಟಾನಿಕ್ಕನ್ನೋ ನಾಲ್ಕು ಮಾತ್ರೆಯನ್ನೋ ಒಯ್ಯುತ್ತಿದ್ದರು. ಈಗ ಕೈಯಲ್ಲಿ ಬಿಲ್ಲೆ ಹಿಡಿದವರು, ಸಂಜೆ ಸಿಸ್ಟರ್ ಬರ್ತಾರಲ್ಲ ಎಂದು ನೇರ ಮನೆಗೆ ನಡೆದರು. ಕೊಡಲಿ ಕಾವು ಕುಲಕ್ಕೆ ಮೃತ್ಯು ಅನ್ನೋದು ಇದಕ್ಕೇ ಎಂದು ತಮ್ಮಣ್ಣ ತನ್ನ ಹಣೆ ತಾನೇ ಬಡಿದುಕೊಂಡ.

ಮಧ್ಯಾಹ್ನ ಇಬ್ಬರಿಗೂ ಬಿಡುವಿನ ಹೊತ್ತು. ಅವನು ಎರಡು ಲೋಟ ಚಹಾ ಹಿಡಿದು ಬೀದಿ ದಾಟಿ ಹಸಿರು ಬಾಗಿಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದ. ಚಹಾ ಆರುವುದರೊಳಗೆ ಜಗಳ ಬಿಸಿಯಾಗುತ್ತಿತ್ತು.

"ಇವತ್ತು ಎಷ್ಟು ಜನನ್ನ ಬರಿಗೈಲಿ ಕಳಿಸ್ದೆ ಅಕ್ಕಾ?"

"ಬರಿಗೈ ಎಲ್ಲೋ? ಬಿಲ್ಲೆ ಕೊಟ್ಟಿದೀನಲ್ಲ."

"ಬಿಲ್ಲೆ ತೇದು ಕುಡಿದ್ರೆ ಜ್ವರ ಇಳಿಯುತ್ತಾ?"

"ಕೆಲವರಿಗೆ ಅದನ್ನ ನೋಡಿದ್ರೇ ಇಳಿಯುತ್ತೆ. ಸಂಜೆ ಯಾರೋ ಬಂದು ವಿಚಾರಿಸ್ಕೋತಾರೆ ಅಂತ ಗೊತ್ತಿರುತ್ತಲ್ಲ."

"ಸರ್ಕಾರ ಅಷ್ಟು ದೂರದಿಂದ ಔಷಧಿ ಕಳಿಸುತ್ತೆ. ನೀನು ಬೀರುವಲ್ಲಿಟ್ಟು ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸ್ಕೋತೀಯ. ಅದೇನು ನಿನ್ನ ಒಡವೆನಾ?"

"ಬೇಕಾದೋರಿಗೆ ಇರ್ಲಿ ಅಂತ ಕಣೋ. ನೆಗಡಿ ಬಂದೋರಿಗೆಲ್ಲ ದೊಡ್ಡ ಮಾತ್ರೆ ತಿನ್ಸಿದ್ರೆ, ನಾಳೆ ನ್ಯುಮೋನಿಯಾ ಬಂದಾಗ ಅದೇ ಮಾತ್ರೆ ಕೆಲಸ ಮಾಡಲ್ಲ. ಔಷಧಿ ಮಾರ್ತೀಯ, ಅಷ್ಟೂ ಗೊತ್ತಿಲ್ವಾ?"

"ಮಾರಕ್ಕೆ ನೀನೆಲ್ಲಿ ಬಿಡ್ತೀಯ!"

ಒಂದು ದಿನ ಹೀಗೇ ಸೋತು ಬಂದ ತಮ್ಮಣ್ಣ ಗಲ್ಲಾದ ಹಿಂದಿನ ಗೋಡೆಯಲ್ಲಿದ್ದ ದೊಡ್ಡ ಕ್ಯಾಲೆಂಡರ್ ಮುಂದೆ ಪೆನ್ಸಿಲ್ ಹಿಡಿದು ನಿಂತ. ಅಕ್ಕ ಬಿಲ್ಲೆ ಕೊಟ್ಟು ಕಳಿಸಿದ ಪ್ರತಿಯೊಬ್ಬರ ಸಂಖ್ಯೆಯನ್ನೂ ಆ ದಿನದ ಚೌಕದೊಳಗೆ ಬರೆಯುವುದು. ಬಿಲ್ಲೆ ವಾಪಸ್ಸು ಬಂದ ದಿನ ಆ ಸಂಖ್ಯೆಗೆ ಅಡ್ಡಗೀಟು ಎಳೆಯುವುದು. ವರ್ಷ ಕಳೆದ ಮೇಲೆ ಗೀಟಿಲ್ಲದವನ್ನೆಲ್ಲ ತೋರಿಸಿ, ನೋಡು, ಇವರಿಗೆಲ್ಲ ನೀನು ಔಷಧಿ ಕೊಡದೆ ಕೆಡಿಸಿದೆ ಎನ್ನುವುದು. ಇದು ಅವನ ಲೆಕ್ಕಾಚಾರ. ಗಿರಾಕಿಯಿಲ್ಲದ ಅಂಗಡಿಯವನಿಗೆ ಹೊತ್ತಿಗೇನು ಬರ? ಸಂಖ್ಯೆಗಳಂತೂ ಎದುರಿನಿಂದಲೇ ಕಾಣುತ್ತಿದ್ದವು, ಬರೆದವನು ತಾನೇ.

ವರ್ಷ ಕಳೆಯಿತು. ಹನ್ನೆರಡು ಹಾಳೆಯನ್ನೂ ಗಲ್ಲಾದ ಮೇಲೆ ಹರಡಿ ನೋಡಿದರೆ ಎಲ್ಲಿ ನೋಡಿದರೂ ಗೀಟೇ. ಗೀಟಿಲ್ಲದ ಸಂಖ್ಯೆ ಹುಡುಕಲು ಅವನು ಕನ್ನಡಕ ಹಾಕಿಕೊಳ್ಳಬೇಕಾಯಿತು. ತಮ್ಮಣ್ಣ ಹಾಳೆಗಳನ್ನು ಸುತ್ತಿ, ದಾರ ಕಟ್ಟಿ, ಮೇಲಿನ ಅಟ್ಟಕ್ಕೆ ಎಸೆದ. ಅಕ್ಕನಿಗೆ ಹೇಳಲಿಲ್ಲ. ಮುಂದಿನ ವರ್ಷವಾದರೂ ತಾನು ಗೆಲ್ಲಬಹುದು ಎಂದು ಹೊಸ ಕ್ಯಾಲೆಂಡರ್‌ನಲ್ಲಿ ಶುರುಮಾಡಿದ. ಹಾಗೆ ಇಪ್ಪತ್ತೈದು ವರ್ಷ ಗೆಲ್ಲಲು ನೋಡಿದ. ಕೊನೆಕೊನೆಗೆ ಗೆಲುವಿನ ಆಸೆ ಬಿಟ್ಟುಹೋಗಿ ಅಭ್ಯಾಸ ಮಾತ್ರ ಉಳಿಯಿತು. ಸಂಜೆ ಪೆನ್ಸಿಲ್ ಹಿಡಿಯದಿದ್ದರೆ ಏನೋ ಮರೆತಂತೆ ಆಗುತ್ತಿತ್ತು.

ಅಷ್ಟರಲ್ಲಿ ಬೀದಿ ಬದಲಾಗಿತ್ತು. ಮೂಲೆಯಲ್ಲಿ ಗಾಜಿನ ಬಾಗಿಲಿನ ಕ್ಲಿನಿಕ್ ಬಂತು. ಅಲ್ಲಿ ಮೈಯೊಳಗನ್ನೆಲ್ಲ ತೋರಿಸುವ ಯಂತ್ರವಿತ್ತು. ಅಲ್ಲಿಂದ ಹೊರಬಂದವರ ಕೈಯಲ್ಲಿ ಮೊಳದುದ್ದ ಚೀಟಿ ಇರುತ್ತಿತ್ತು, ಚೀಟಿ ನೇರ ತಮ್ಮಣ್ಣನ ಗಲ್ಲಾಕ್ಕೆ ಬರುತ್ತಿತ್ತು. ಕೊನೆಗೂ ಅವನ ಅಂಗಡಿ ಅಂಗಡಿಯಂತೆ ಕಂಡಿತು. ತಮ್ಮಣ್ಣನ ಹೆಂಡತಿಗೂ ಆ ಗಾಜಿನ ಬಾಗಿಲು ಹಿಡಿಸಿತು. ಅವಳಿಗೆ ಏನೂ ಆಗಿರಲಿಲ್ಲ. "ಏನೂ ಆಗಿಲ್ಲ ಅಂತ ತಿಳ್ಕೊಳ್ಳೋಕಾದ್ರೂ ಒಂದ್ಸಲ ನೋಡಿಸ್ಬೇಕಲ್ರೀ" ಎಂದು ಹೋಗಿ ಪೂರ್ತಿ ತಪಾಸಣೆ ಮಾಡಿಸಿಕೊಂಡು ಬಂದಳು.

ಅವಳ ಪಿತ್ತಕೋಶದ ಬಳಿ ಒಂದು ಚುಕ್ಕೆ ಕಂಡಿತ್ತು. ಏನೆಂದು ಗೊತ್ತಾಗಲು ಇನ್ನೊಂದು ಪರೀಕ್ಷೆ. ಅದರಲ್ಲಿ ಸ್ಪಷ್ಟವಾಗಲಿಲ್ಲ ಎಂದು ಮತ್ತೊಂದು. ಮೂರನೆಯದಕ್ಕೆ ದೂರದ ಪೇಟೆಗೆ ಹೋಗಬೇಕಾಯಿತು. ಆ ಮೂರು ವಾರದಲ್ಲಿ ಅವಳು ಅರ್ಧವಾದಳು. ತನ್ನ ಯಾವ ಬಟ್ಟೆ ಯಾರಿಗೆ ಎಂದು ಚೀಟಿ ಬರೆದು ಪೆಟ್ಟಿಗೆಯಲ್ಲಿಟ್ಟಳು. ಕಡೆಗೆ ಬಂದ ವರದಿಯಲ್ಲಿ ಅದು ಹುಟ್ಟಿನಿಂದ ಇದ್ದ ಒಂದು ಮಚ್ಚೆಯಂಥದ್ದು, ಏನೂ ಮಾಡಬೇಕಾದ್ದಿಲ್ಲ ಎಂದಿತ್ತು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಎಂದು ತಮ್ಮಣ್ಣ ನಕ್ಕ. ಹೆಂಡತಿ ನಗಲಿಲ್ಲ. ಹೊಕ್ಕ ಭಯ ವರದಿ ನೋಡಿ ಹೊರಗೆ ಹೋಗಲಿಲ್ಲ. ಊಟದ ತಟ್ಟೆ ಮುಂದೆ ಇಟ್ಟುಕೊಂಡು ಗೋಡೆ ನೋಡುತ್ತ ಕೂರುತ್ತಿದ್ದಳು.

ಒಂದು ಸಂಜೆ ಅಕ್ಕ ಬಂದಳು. ಯಂತ್ರವನ್ನು ಬೈಯಲಿಲ್ಲ, ಯಾಕೆ ಹೋದೆ ಎಂದು ಕೇಳಲಿಲ್ಲ. ಒಂದನೇ ನಂಬರಿನ ಬಿಲ್ಲೆಯನ್ನು ತಮ್ಮನ ಮನೆಯ ಬಾಗಿಲಿಗೆ ನೇತುಹಾಕಿ ಒಳಗೆ ಬಂದು ಕೂತಳು.

"ಅತ್ತಿಗೆ, ನಿಜ ಹೇಳಿ, ಮುಚ್ಚಿಡ್ಬೇಡಿ. ನನಗೇನೋ ಇದೆ ಅಲ್ವಾ?"

"ಇದೆ ಕಣೇ. ಹಸಿವಿದೆ. ಒಂದು ತುತ್ತು ತಿನ್ನು, ನಾನು ನೋಡ್ಕೊಂಡು ಹೋಗ್ತೀನಿ. ನಾಳೆ ಮತ್ತೆ ಬರ್ತೀನಿ."

ಒಂಬತ್ತು ಸಂಜೆ ಬಂದಳು. ಹತ್ತನೇ ದಿನ ಹೆಂಡತಿ ತಾನೇ ಬಿಲ್ಲೆ ತೆಗೆದುಕೊಂಡು ಬೀದಿ ದಾಟಿ ಮೊಳೆಗೆ ಹಾಕಿ ಬಂದಳು. ತಮ್ಮಣ್ಣ ಅಂಗಡಿಯಿಂದ ಅದನ್ನು ನೋಡಿ, ಕ್ಯಾಲೆಂಡರ್‌ನಲ್ಲಿ ತಾನೇ ಬರೆದಿದ್ದ ಒಂದಕ್ಕೆ ಗೀಟೆಳೆದ. ಪೆನ್ಸಿಲ್ ಕೆಳಗಿಟ್ಟ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದ. ಮರುದಿನ ಮಧ್ಯಾಹ್ನ ಮಾತ್ರ ಎಂದಿನಂತೆ ಚಹಾ ಹಿಡಿದು ಹೋಗಿ, ಎಂದಿನಂತೆ ಎಷ್ಟು ಜನರನ್ನು ಬರಿಗೈಲಿ ಕಳಿಸಿದೆ ಎಂದು ಕೇಳಿದ. ಸೋತೆ ಎನ್ನುವ ಮಾತು ಹೇಗೆ ಶುರುಮಾಡುವುದೋ ಅವನಿಗೆ ತಿಳಿಯಲಿಲ್ಲ.

ಅದೇ ವರ್ಷ ಸರ್ಕಾರ ಒಂದು ಹೊಸ ನಿಯಮ ತಂದಿತು. ದಿನಕ್ಕೆ ಸರಾಸರಿ ಮೂವತ್ತು ಜನರಿಗಿಂತ ಕಡಿಮೆ ಬರುವ ಸಣ್ಣಾಸ್ಪತ್ರೆಗಳನ್ನು ಮುಚ್ಚಿ ದೊಡ್ಡಾಸ್ಪತ್ರೆಗೆ ಸೇರಿಸುವುದು. ಪರಿಶೀಲನೆಗೆ ಒಬ್ಬ ಮಹಿಳಾ ಅಧಿಕಾರಿ ಬಂದರು. ಇನ್ನೂ ಚಿಕ್ಕ ವಯಸ್ಸಿನವರು, ಡಾಕ್ಟರ್ ಓದಿದವರು. ಸುದ್ದಿ ಕೇಳಿ ತಮ್ಮಣ್ಣ ಅಂಗಡಿಗೆ ಅರ್ಧ ಶಟರ್ ಎಳೆದು ಬಂದು ಬೆಂಚಿನ ತುದಿಯಲ್ಲಿ ಕೂತ. ಹಿಂದಿನ ದಿನವಷ್ಟೇ ಮೂಲೆ ಕ್ಲಿನಿಕ್ಕಿನ ಡಾಕ್ಟರು ಅವನ ಹೆಗಲ ಮೇಲೆ ಕೈಹಾಕಿ, "ಎದುರುಗಡೆ ಬಾಗಿಲು ಹಾಕಿದ್ರೆ ನಿಮಗೂ ಒಳ್ಳೇದು, ನಮಗೂ ಒಳ್ಳೇದು" ಎಂದಿದ್ದರು. ಅದು ಸುಳ್ಳೇನಲ್ಲ ಎಂದು ತಮ್ಮಣ್ಣನಿಗೂ ಗೊತ್ತಿತ್ತು.

ಅಧಿಕಾರಿ ಪುಸ್ತಕ ತಿರುವಿಹಾಕಿದರು. ಹಿಂದಿನ ಪುಸ್ತಕ ತರಿಸಿದರು, ಅದರ ಹಿಂದಿನದನ್ನೂ ತರಿಸಿದರು.

"ಸಿಸ್ಟರ್, ದಿನಕ್ಕೆ ಹನ್ನೊಂದೇ ಜನ ಬರ್ತಾರಾ?"

"ಇಲ್ಲ ಮೇಡಂ, ಮೂವತ್ತರ ಮೇಲೆ ಬರ್ತಾರೆ."

"ಇದರಲ್ಲಿ ಹನ್ನೊಂದೇ ಇದೆಯಲ್ಲ."

"ಅದು ಔಷಧಿ ತಗೊಂಡವರ ಪುಸ್ತಕ."

"ಉಳಿದವರನ್ನ ಎಲ್ಲಿ ಬರೆದಿದೀರ?"

ಅಕ್ಕ ಗೋಡೆಯ ಹಲಗೆಯ ಕಡೆ ನೋಡಿದಳು. ತಮ್ಮಣ್ಣ ತಲೆ ಎತ್ತಿ ನೋಡಿದ. ಅವಳ ಮುಖದಲ್ಲಿ ಅಂಥ ಬಿಳಿಚಿಕೊಂಡ ಬಣ್ಣವನ್ನು ಅವನು ದರ್ಜಿಯ ಕಾಲದ ನಂತರ ಕಂಡಿರಲಿಲ್ಲ.

"ಬರೆದಿಲ್ಲ ಮೇಡಂ. ಪುಸ್ತಕದ ಮೇಲೆ ಔಷಧಿ ವಿತರಣೆ ಅಂತ ಅಚ್ಚಾಗಿದೆ. ಕೊಡದೇ ಇದ್ದವರ ಹೆಸರು ಅದರಲ್ಲಿ ಬರೆದ್ರೆ ಸುಳ್ಳು ಬರೆದಂಗಾಗುತ್ತೆ ಅಂದ್ಕೊಂಡೆ."

"ಇಪ್ಪತ್ತೇಳು ವರ್ಷನೂ?"

"ಹೂಂ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಅವರ ದನಿಯಲ್ಲಿ ಕೋಪವಿರಲಿಲ್ಲ. "ಈ ನಿಯಮ ಯಾಕೆ ಬಂತು ಗೊತ್ತಾ ಸಿಸ್ಟರ್? ಎಷ್ಟೋ ಕಡೆ ಬಡವರು ಬಂದ್ರೆ ಔಷಧಿ ಇಲ್ಲ, ನಾಳೆ ಬನ್ನಿ ಅಂತ ಕಳಿಸ್ತಾರೆ. ನಮ್ಮಜ್ಜಿನ ಹಾಗೇ ಕಳಿಸಿದ್ರು, ಮೂರು ಸಲ. ನಾಲ್ಕನೇ ಸಲ ಹೋಗೋಕೆ ಅವರು ಇರ್ಲಿಲ್ಲ. ಅದಕ್ಕೇ ಎಷ್ಟು ಜನಕ್ಕೆ ಏನು ಕೊಟ್ರಿ ಅಂತ ನಾವು ಕೇಳೋದು."

"ಅಜ್ಜಿ ಮನೆಗೆ ಯಾರಾದ್ರೂ ಹೋಗಿ ನೋಡಿದ್ರಾ ಮೇಡಂ?"

"ಇಲ್ಲ."

ಅಧಿಕಾರಿ ಪುಸ್ತಕ ಮುಚ್ಚಿದರು. "ನೀವು ಹೇಳೋದನ್ನ ನಾನು ನಂಬಬಹುದು. ಆದ್ರೆ ಮೇಲಿನವರಿಗೆ ಏನು ತೋರಿಸಲಿ? ಊಟ ಮುಗಿಸಿ ಬಂದು ವರದಿ ಬರೀತೀನಿ" ಎಂದು ಎದ್ದರು.

ತಮ್ಮಣ್ಣನೂ ಎದ್ದ. ಅಂಗಡಿಗೆ ಬಂದು ಅಟ್ಟದ ಕೆಳಗೆ ನಿಂತು ಮೇಲೆ ನೋಡಿದ. ಊಟದ ಡಬ್ಬಿ ತಂದಿದ್ದ ಹೆಂಡತಿ ಅವನ ನೋಟ ಹಿಡಿದು ತಾನೂ ಮೇಲೆ ನೋಡಿದಳು. ಆ ಸುರುಳಿಗಳಲ್ಲಿ ಏನಿದೆ ಎಂದು ಅವಳಿಗೆ ಮೊದಲಿಂದಲೂ ಗೊತ್ತಿತ್ತು.

"ಏಣಿ ಹಿಡ್ಕೋಬೇಕಾ?" ಎಂದಳು.

"ಇವನ್ನ ತೋರಿಸಿದ್ರೆ ಅವಳು ಸಾಯೋವರೆಗೂ ನನ್ನ ಆಡ್ಕೋತಾಳೆ ಕಣೇ. ಆ ಬಾಗಿಲು ಮುಚ್ಚದಿದ್ರೆ ಅಂಗಡಿಗೂ ನಷ್ಟ."

"ಆಡ್ಕೊಳ್ಳಲಿ ಬಿಡಿ. ಒಂದನೇ ನಂಬರ್ ಬಿಲ್ಲೆ ಯಾರ ಬಾಗಿಲಲ್ಲಿತ್ತು ಅಂತ ಮರೆತ್ರಾ?"

ತಮ್ಮಣ್ಣ ಏಣಿ ಹತ್ತಿದ.

ಅಧಿಕಾರಿ ವಾಪಸ್ಸು ಬರುವ ಹೊತ್ತಿಗೆ ಮೇಜಿನ ಮೇಲೆ ಇಪ್ಪತ್ತೈದು ಸುರುಳಿ, ಅವುಗಳ ಮೇಲೆ ಒಂದು ಬೆರಳು ದಪ್ಪ ಧೂಳು, ಪಕ್ಕದಲ್ಲಿ ಸೀನುತ್ತ ನಿಂತ ತಮ್ಮಣ್ಣ. ಅಕ್ಕ ಒಂದು ಸುರುಳಿ ಬಿಚ್ಚಿ, ದಿನದ ಚೌಕದೊಳಗೆ ಇರುವೆ ಸಾಲಿನಂತಿದ್ದ ಸಂಖ್ಯೆಗಳನ್ನೂ ಗೀಟುಗಳನ್ನೂ ನೋಡಿದಳು. ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತಮ್ಮನ ಕಡೆಗೆ ತಿರುಗಿದಳು.

"ಏನೋ ಇದು?"

"ನಿನ್ನ ತಪ್ಪು ಹಿಡಿಯೋಕೆ ಬರೆದದ್ದು" ಎಂದ ತಮ್ಮಣ್ಣ. ಆಮೇಲೆ ಅಧಿಕಾರಿಗೆ, ಬಿಲ್ಲೆಯೆಂದರೇನು, ಸಂಖ್ಯೆಯೆಂದರೇನು, ಗೀಟೆಂದರೇನು ಎಂದು ತೊದಲುತ್ತ ವಿವರಿಸಿದ. "ನಾನು ಎದುರು ಪಕ್ಷದವನು ಮೇಡಂ. ಇವರು ಬಿಲ್ಲೆ ಕೊಟ್ಟಷ್ಟೂ ನನಗೆ ವ್ಯಾಪಾರ ಕಮ್ಮಿ. ಹೆಚ್ಚು ಮಾಡಿ ಬರೆಯೋಕೆ ನನಗೆ ಕಾರಣವೇ ಇಲ್ಲ" ಎಂದು ಸೇರಿಸಿದ.

ಅಧಿಕಾರಿ ಕಣ್ಣುಮುಚ್ಚಿ ಮೂರು ಸುರುಳಿ ಆರಿಸಿದರು. ಒಂದೊಂದರಲ್ಲೂ ಒಂದು ತಿಂಗಳ ಹಾಳೆ ತೆಗೆದು ತಾವೇ ಎಣಿಸಿದರು. ದಿನಕ್ಕೆ ಸರಾಸರಿ ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತು. ಪುಸ್ತಕದ ಹನ್ನೊಂದನ್ನು ಕೂಡಿದರು. ತಮ್ಮಷ್ಟಕ್ಕೆ ತಲೆಯಾಡಿಸಿದರು. ಆಮೇಲೆ ಅವರ ಬೆರಳು ಗೀಟಿಲ್ಲದ ಒಂದು ಸಂಖ್ಯೆಯ ಮೇಲೆ ನಿಂತಿತು.

"ಇದು?"

ಅಕ್ಕ ಬಗ್ಗಿ ತಾರೀಕು ನೋಡಿದಳು. "ಬೇಕರಿಯವನ ಮಗಳು. ಸಂಜೆ ಹೋದಾಗ ಕತ್ತು ಬಗ್ಗಿಸೋಕೆ ಆಗ್ತಿರ್ಲಿಲ್ಲ, ಮಿದುಳು ಜ್ವರ ಅನ್ನಿಸ್ತು. ಅವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದೆ. ಈಗ ಅವಳಿಗೇ ಇಬ್ಬರು ಮಕ್ಕಳು."

"ಇದು?"

"ಅವರು ಬಿಲ್ಲೆ ಸಮೇತ ಊರು ಬಿಟ್ರು" ಎಂದಳು. ಅಧಿಕಾರಿ ನಕ್ಕರು.

"ಇದು?"

ಆ ಸಂಖ್ಯೆ ಇಪ್ಪತ್ತೆರಡು. ತಮ್ಮಣ್ಣನಿಗೆ ಅದು ಗೊತ್ತಿತ್ತು. ಆ ಬಿಲ್ಲೆ ವಾಪಸ್ಸು ಬಂದಿತ್ತು, ಆದರೂ ಅವನು ಗೀಟೆಳೆದಿರಲಿಲ್ಲ. ಏನಾದರೂ ಹೇಳು ಅಕ್ಕಾ, ಅವರೂ ಊರು ಬಿಟ್ಟರು ಅನ್ನು ಎಂದು ಒಳಗೊಳಗೇ ಬೇಡಿಕೊಂಡ.

"ಅಂಚೆಯಣ್ಣ" ಎಂದಳು ಅಕ್ಕ. "ನಿವೃತ್ತಿಯಾಗಿದ್ರು. ಎದೆ ಉರಿ ಅಂತ ಬಂದ್ರು, ಬಿಲ್ಲೆ ಕೊಟ್ಟೆ. ಅವತ್ತು ನನ್ನ ಕಾಲು ಉಳುಕಿತ್ತು. ಎರಡು ಬೀದಿ ಬಿಟ್ಟುಬಿಟ್ಟೆ, ಬೆಳಿಗ್ಗೆ ಹೋದ್ರಾಯ್ತು ಅಂತ. ಬೆಳಿಗ್ಗೆ ಅವರ ಹೆಂಡತಿ ಬಿಲ್ಲೆ ತಂದ್ಕೊಟ್ರು. ಅವರು ಹೋಗಿಬಿಟ್ಟಿದ್ರು. ಅದು ನನ್ನ ತಪ್ಪು ಮೇಡಂ. ಅವತ್ತಿಂದ ಎದೆ ಅಂದವರಿಗೆ ಬಿಲ್ಲೆ ಕೊಟ್ಟಿಲ್ಲ, ಸೀದಾ ಬಸ್ಸು."

"ಇದನ್ನ ನೀವೇ ಹೇಳ್ತಿದೀರಲ್ಲ ಸಿಸ್ಟರ್."

"ನೀವು ಕೇಳಿದ್ರಲ್ಲ."

ಅಧಿಕಾರಿ ಬಹಳ ಹೊತ್ತು ಬರೆದರು. ಹೊರಡುವಾಗ, ಅಂಗಡಿಯ ಕ್ಯಾಲೆಂಡರ್ ಸರ್ಕಾರಿ ದಾಖಲೆ ಆಗುವುದಿಲ್ಲ, ಆದರೆ ತಾವು ಕಣ್ಣಾರೆ ಎಣಿಸಿದ್ದನ್ನು ಬರೆಯಬಹುದು ಎಂದರು. ಪುಸ್ತಕ ತೆಗೆದು, ಅಕ್ಕನ ಕೈಯಲ್ಲಿ ಕೆಂಪು ಪೆನ್ಸಿಲ್ ಕೊಟ್ಟು, ಬಲಗಡೆ ಒಂದು ಗೆರೆ ಎಳೆಸಿದರು. ಆ ಹೊಸ ಅಂಕಣದ ಮೇಲೆ ಏನು ಬರೆಯುವುದು ಎಂದು ಅಕ್ಕ ಕೇಳಿದಳು. "ನೋಡಿಕೊಂಡವರು ಅಂತ ಬರೀರಿ" ಎಂದರು.

ಮೂರು ತಿಂಗಳ ಮೇಲೆ ಆದೇಶ ಬಂತು. ಈಗಿರುವ ನರ್ಸ್ ನಿವೃತ್ತಿಯಾಗುವವರೆಗೆ ಸಣ್ಣಾಸ್ಪತ್ರೆ ನಡೆಯಲಿ, ಆಮೇಲೆ ದೊಡ್ಡಾಸ್ಪತ್ರೆಗೆ ಸೇರಲಿ ಎಂದಿತ್ತು. ಅಂದರೆ ನಾಲ್ಕು ವರ್ಷ. ತಮ್ಮಣ್ಣನಿಗೆ ಅದು ಅರೆಬರೆ ಗೆಲುವು ಎನಿಸಿ ಬೇಸರವಾಯಿತು. ಅಕ್ಕ ಮಾತ್ರ ಕಾಗದ ಮಡಚಿ ಮೇಜಿನ ಕಾಲಿನ ಕೆಳಗಿಟ್ಟು, "ನಾಲ್ಕು ವರ್ಷ ಅಂದ್ರೆ ಎಷ್ಟು ಸಂಜೆ ಆಯ್ತು ಲೆಕ್ಕ ಹಾಕೋ, ಲೆಕ್ಕದಲ್ಲಿ ನೀನು ಹುಷಾರು" ಎಂದಳು. ಅವಳು ಅವನನ್ನು ಆಡಿಕೊಂಡದ್ದು ಅಷ್ಟೇ. ತಾನು ಮಾಡುತ್ತಿದ್ದದ್ದು ಸರಿ ಎಂದು ಇಪ್ಪತ್ತೈದು ವರ್ಷ ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ.

ಆ ನಾಲ್ಕು ವರ್ಷವನ್ನು ತಮ್ಮಣ್ಣ ಈಗ ನೆನೆಯುವುದು ಮಧ್ಯಾಹ್ನದ ಚಹಾದ ಹೊತ್ತಿಗೆ. ಜಗಳವಿಲ್ಲದೆ ಚಹಾ ಸಪ್ಪೆಯಾದೀತೆಂದು ಇಬ್ಬರೂ ಹಳೆಯ ಜಗಳವನ್ನೇ ಆಡುತ್ತಿದ್ದರು, ಆದರೆ ಈಗ ಮಾತು ಮರೆತರೆ ಒಬ್ಬರಿಗೊಬ್ಬರು ನೆನಪಿಸುತ್ತಿದ್ದರು. ಸಂಜೆ ಅಕ್ಕ ಹೊರಟಾಗ ಅವಳ ಮೊಣಕಾಲು ನೋಯುತ್ತಿತ್ತು. ತಮ್ಮಣ್ಣ ಬೇಗ ಶಟರ್ ಎಳೆದು ಜೊತೆಗೆ ಹೋಗುತ್ತಿದ್ದ. ಯಾವ ಬಾಗಿಲಲ್ಲಿ ಬಿಲ್ಲೆ ಇದೆ ಎಂದು ದೂರದಿಂದಲೇ ಹೇಳುತ್ತಿದ್ದ. ಬೀದಿ ಬೀದಿಯಲ್ಲಿ ದೀಪ ಹತ್ತುವ ಹೊತ್ತು, ಅಡುಗೆಯ ವಾಸನೆ, ಹೊಸಿಲ ಮೇಲೆ ಕೂತ ಮಕ್ಕಳು "ಬಿಲ್ಲೆ ಸಿಸ್ಟರ್ ಬಂದ್ರು" ಎಂದು ಒಳಗೆ ಓಡುವುದು. ಅಷ್ಟು ವರ್ಷ ಬರೀ ಸಂಖ್ಯೆಯಾಗಿದ್ದವರ ಮುಖಗಳನ್ನು ಅವನು ಆಗ ನೋಡಿದ.

ಕೊನೆಯ ದಿನ ಅಕ್ಕ ಬೀರುವಿನ ಕೀಲಿಯನ್ನು ದೊಡ್ಡಾಸ್ಪತ್ರೆಯವರಿಗೆ ಒಪ್ಪಿಸಿದಳು. ಮಂಚ, ಮೇಜು, ತೂಕದ ಯಂತ್ರ ಎಲ್ಲ ಲಾರಿ ಹತ್ತಿದವು. ಹಲಗೆ ಅವರ ಪಟ್ಟಿಯಲ್ಲಿ ಇರಲಿಲ್ಲ. ಸರ್ಕಾರದ್ದಲ್ಲ, ತ್ಯಾಜ್ಯ ಎಂದರು. ತಮ್ಮಣ್ಣ ಮತ್ತು ದರ್ಜಿ ಇಬ್ಬರೂ ಸೇರಿ ಅದನ್ನು ಗೋಡೆಯಿಂದ ಬಿಚ್ಚಿ ಬೀದಿ ದಾಟಿಸಿದರು.

ಈಗ ಅದು ಔಷಧಿ ಅಂಗಡಿಯ ಒಳಗೋಡೆಯಲ್ಲಿದೆ. ಅದರ ಕೆಳಗೆ ಒಂದು ಕುರ್ಚಿ. ಬೆಳಿಗ್ಗೆ ಹತ್ತಕ್ಕೆ ಅಕ್ಕ ಕೋಲೂರಿಕೊಂಡು ಬಂದು ಅದರಲ್ಲಿ ಕೂರುತ್ತಾಳೆ. ಮೂಲೆ ಕ್ಲಿನಿಕ್ಕಿನ ಚೀಟಿಗಳಿಗೆ ಅವಳು ಅಡ್ಡಬರುವುದಿಲ್ಲ. ಡಾಕ್ಟರು ಬರೆದದ್ದು ಬರೆದದ್ದೇ. ಚೀಟಿಯಿಲ್ಲದೆ ಬಂದವರು ಅವಳ ಪಾಲು.

ಮೊನ್ನೆ ಒಬ್ಬ ಹೆಂಗಸು ಗಲ್ಲಾದ ಮುಂದೆ ನಿಂತು, "ತಮ್ಮಣ್ಣಾ, ನೆಗಡಿಗೆ ಏನಾದ್ರೂ ಒಳ್ಳೇದು, ಜೋರಾಗಿರೋದು ಕೊಡಿ" ಎಂದಳು.

ತಮ್ಮಣ್ಣ ಕೈ ಚಾಚಿ ಸೀಸೆ ತೆಗೆಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು. "ಎಷ್ಟು ದಿನದಿಂದಮ್ಮಾ? ಜ್ವರ ಇದೆಯಾ? ಬಾ ಇಲ್ಲಿ, ನಾಲಿಗೆ ತೋರ್ಸು."

"ಅಕ್ಕಾ, ಇದು ಅಂಗಡಿ" ಎಂದ ತಮ್ಮಣ್ಣ.

"ಗೊತ್ತು ಕಣೋ, ನಿನ್ನ ಅಂಗಡಿ ಎಲ್ಲಿಗೂ ಓಡಿಹೋಗಲ್ಲ. ಹದಿನಾಲ್ಕು ಕೊಡು. ಮನೆ ಹತ್ತಿರ ಇದೆಯಾ ಕೇಳು, ಈ ಕಾಲಿಗೆ ದೂರ ಆಗಲ್ಲ."

ಹೆಂಗಸಿನ ಮನೆ ಪಕ್ಕದ ಬೀದಿಯಲ್ಲೇ ಇತ್ತು. ತಮ್ಮಣ್ಣ ಸೀಸೆಯನ್ನು ವಾಪಸ್ಸು ಇಟ್ಟು, ಮೊಳೆಯಿಂದ ಹದಿನಾಲ್ಕನೇ ಬಿಲ್ಲೆ ತೆಗೆದು ಅವಳ ಕೈಗೆ ಕೊಟ್ಟ. ಅದರ ಕೆಂಪು ಬಣ್ಣ ಅಲ್ಲಲ್ಲಿ ಎದ್ದಿತ್ತು. ಭಾನುವಾರ ಕೂತು ಮತ್ತೆ ಬಳಿಯಬೇಕು ಅಂದುಕೊಂಡು, ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದು ಕ್ಯಾಲೆಂಡರ್ ಕಡೆಗೆ ತಿರುಗಿದ.